ಬುಡದಿಂದ ಮಾಯಬೇಕು

ಗಾಯ ಸೋರುತ್ತಿದ್ದರೆ ಕೆಟ್ಟಿತು, ಬಾಯಿ ಕೂಡಿಕೊಂಡರೆ ವಾಸಿಯಾಯಿತು ಎಂಬುದು ನಮ್ಮ ಮನೆಗಳ ಲೆಕ್ಕ. ಬೆರಳು ಕೊಯ್ದುಕೊಂಡಾಗ ಈ ಲೆಕ್ಕ ಸರಿ. ಕ್ಯಾನ್ಸರಿಗಾಗಿ ಗುದನಾಳದ ಜೊತೆಗೆ ಗುದದ್ವಾರವನ್ನೂ ತೆಗೆಸಿಕೊಂಡವರ ಗಾಯಕ್ಕೆ ಮಾತ್ರ ಇದು ತಲೆಕೆಳಗು. ಹೊಟ್ಟೆಯ ಕಡೆಯಿಂದಲೂ ಕೆಳಗಿನಿಂದಲೂ ಬಿಡಿಸಿ ತೆಗೆಯುವ ಈ ಶಸ್ತ್ರಚಿಕಿತ್ಸೆಯನ್ನು 1908ರಲ್ಲಿ ವಿವರಿಸಿದವರು ಲಂಡನ್ನಿನ ಅರ್ನೆಸ್ಟ್ ಮೈಲ್ಸ್. ಅದಾದ ಮೇಲೆ ಅಲ್ಲೊಂದು ಪೊಳ್ಳು ಉಳಿಯುತ್ತದೆ. ಹೊಟ್ಟೆಯ ಗೋಡೆ ಮೆತ್ತಗಿರುವುದರಿಂದ ಖಾಲಿ ಜಾಗದ ಮೇಲೆ ಕುಸಿದು ಕೂರುತ್ತದೆ. ಸೊಂಟದ ಗೂಡು ಮೂಳೆಯದು, ಅದು ಬಾಗುವುದಿಲ್ಲ. ಆ ಪೊಳ್ಳಿಗೆ ರಕ್ತ ಬೆರೆತ ನೀರು ಜಿನುಗುತ್ತದೆ. ದಾರಿ ಸಿಗದೆ ನಿಂತರೆ ಅದೇ ಕೀವಿನ ಮಡು.

ಹೀಗೆ ನಿಂತ ಕೀವಿಗೆ ದಾರಿ ಮಾಡಿಕೊಡುವ ಉಪಾಯ ಹಳೆಯದು. 1871ರಲ್ಲಿ ವಿಕ್ಟೋರಿಯಾ ರಾಣಿಯ ಕಂಕುಳಿನ ಕುರು ಕೊಯ್ದ ಜೋಸೆಫ್ ಲಿಸ್ಟರ್ ಮೊದಲು ಬಟ್ಟೆಯ ತುಂಡು ಇಟ್ಟರು, ಕೀವು ಸರಿಯಾಗಿ ಇಳಿಯಲಿಲ್ಲ. ಆಮೇಲೆ ರಬ್ಬರ್ ಕೊಳವೆ ಇಟ್ಟರು, ಇಳಿಯಿತು. ಇಂದು ವಾರ್ಡುಗಳಲ್ಲಿ ಮಂಚದ ಪಕ್ಕ ತೂಗುವ ಡ್ರೇನ್ ಬಾಟಲಿ ಆ ಕೊಳವೆಯ ವಂಶದ್ದೇ. ಹಾಗಾದರೆ ಎಲ್ಲರಿಗೂ ಡ್ರೇನ್ ಹಾಕಿದರಾಯಿತಲ್ಲ ಎನ್ನಬಹುದು. ಫ್ರಾನ್ಸಿನಲ್ಲಿ 469 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಡ್ರೇನ್ ಇದ್ದವರಿಗೂ ಇಲ್ಲದವರಿಗೂ ಸೊಂಟದೊಳಗಿನ ಸೋಂಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರೆಲ್ಲ ಕರುಳನ್ನು ಮತ್ತೆ ಜೋಡಿಸಿಕೊಂಡವರು. ಕೆಳಗಿಳಿಸಿದ ಕರುಳೇ ಪೊಳ್ಳನ್ನು ಒಂದಿಷ್ಟು ತುಂಬಿರುತ್ತದೆ. ಪೂರ್ತಿ ತೆಗೆಸಿಕೊಂಡವರಿಗೆ ಆ ಫಲಿತಾಂಶವನ್ನು ಹಾಗೇ ಎತ್ತಿ ಹೇಳಲಾಗದು. ನನ್ನ ವಾದ ಕೊಳವೆಯ ಪರವಾಗಿಯೂ ಅಲ್ಲ. ಪೊಳ್ಳು ತುಂಬುವುದು ಮುಖ್ಯ. ಅದಕ್ಕೇ ಕೆಲವರಿಗೆ ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯನ್ನೋ ತೊಡೆಯ ಸ್ನಾಯುವನ್ನೋ ತಂದು ಅಲ್ಲಿ ಕೂರಿಸುತ್ತಾರೆ.

ಹೊಲಿಗೆ ಬಿಚ್ಚಿಕೊಂಡರೆ ಮನೆಯವರು ಕಂಗಾಲಾಗುತ್ತಾರೆ. ಮೊದಲೇ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಇದು ಹೆಚ್ಚು, ಏಕೆಂದರೆ ವಿಕಿರಣ ಗೆಡ್ಡೆಯನ್ನು ಕುಗ್ಗಿಸುವಾಗ ಸುತ್ತಲಿನ ಸಣ್ಣ ರಕ್ತನಾಳಗಳನ್ನೂ ಬಡವಾಗಿಸುತ್ತದೆ. ಇಂಥ ಗಾಯವನ್ನು ಮತ್ತೆ ಹೊಲಿದು ಮುಚ್ಚುವ ಅವಸರ ಬೇಡ. ತಳದಿಂದ ಕೆಂಪು ಮಾಂಸ ಹರಳುಹರಳಾಗಿ ಎದ್ದು ಬರಬೇಕು, ಬಾಯಿ ಕೊನೆಗೆ ಕೂಡಬೇಕು. ಡ್ರೆಸಿಂಗ್ ಬಟ್ಟೆಯನ್ನು ಬಿಗಿಯಾಗಿ ತುರುಕದೆ ಹಗುರವಾಗಿ ಇಡುವುದೂ ಇದಕ್ಕೇ. ವಾರಗಳು, ಒಮ್ಮೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಆರು ತಿಂಗಳು ದಾಟಿಯೂ ಮಾಯದಿದ್ದರೆ ಅದು ಬೇರೆ ತೊಂದರೆ, ಕಾರಣ ಹುಡುಕಲೇಬೇಕು.

ಇನ್ನು ನಂಜು. ಮೊಟ್ಟೆ, ಬೇಳೆ ತಿಂದರೆ ಕೀವಾಗುತ್ತದೆಂದು ಗಂಜಿಯಲ್ಲೇ ದಿನ ತಳ್ಳಿಸುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಪಥ್ಯದ ಹಿಂದಿನ ಕಾಳಜಿಯನ್ನು ನಾನು ಹಳಿಯುವುದಿಲ್ಲ. ಆದರೆ ಹೊಸ ಮಾಂಸ ಕಟ್ಟಲು ಬೇಕಾದ ಪ್ರೋಟೀನು ಇರುವುದು ಆ ಬೇಳೆ-ಮೊಟ್ಟೆಗಳಲ್ಲೇ. ಹೊಗೆಸೊಪ್ಪು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಇವು ನಿಜವಾದ ನಂಜು. ಪೇಟೆಯ ಅಂಗಡಿಯವರು ಇನ್ನೊಂದನ್ನು ಸೇರಿಸಿಕೊಳ್ಳಬೇಕು: ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ಭಾರವೆಲ್ಲ ಗಾಯದ ಮೇಲೆ. ಆಗಾಗ ಎದ್ದು ಓಡಾಡಿ, ಮಗ್ಗುಲಾಗಿ ಮಲಗಿ.

ತಿಳಿಗೆಂಪು ರಸಿಕೆ ದಿನೇದಿನೇ ಕಡಿಮೆಯಾಗುತ್ತಿದ್ದರೆ ಹೆದರಬೇಡಿ. ಗಬ್ಬು ನಾತ, ಚಳಿಜ್ವರ, ಹಸಿ ರಕ್ತ, ಬಟ್ಟೆಯ ಮೇಲೆ ಮಲದ ಬಣ್ಣ ಕಂಡರೆ, ಅಥವಾ ಸೋರುತ್ತಿದ್ದದ್ದು ಥಟ್ಟನೆ ನಿಂತು ನೋವು ಏರಿದರೆ, ಮರುದಿನಕ್ಕೆ ಕಾಯದೆ ಆಪರೇಷನ್ ಮಾಡಿದ ಆಸ್ಪತ್ರೆಗೆ ಹೋಗಿ.