ಕೀಚೈನ್ ಭಾರಕ್ಕೆ ಓಡುತ್ತಿರುವ ಕಾರು ಆಫ್ ಆಗುತ್ತದೆಯೇ? ಸರ್ಕಾರದ ತನಿಖೆ ಎಡವಿದ ಒಂದು ನಿಜ ಪ್ರಕರಣ

“ಕಾರಿನ ಕೀಗೆ ಭಾರದ ಕೀಚೈನ್ ಹಾಕಬೇಡಿ. ಓಡುವಾಗಲೇ ಇಂಜಿನ್ ಆಫ್ ಆಗುತ್ತದೆ, ಏರ್‌ಬ್ಯಾಗ್ ಕೂಡ ತೆರೆಯುವುದಿಲ್ಲ. ಎಲ್ಲರಿಗೂ ಕಳುಹಿಸಿ.” ಇಂಥದ್ದೊಂದು ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂತು ಅಂದುಕೊಳ್ಳಿ. ಕೊನೆಯ ಸಾಲು ನೋಡಿದ ಕೂಡಲೇ ಇದು ಸುಳ್ಳು ಸುದ್ದಿ ಅನ್ನಿಸುವುದು ಸಹಜ. ಆದರೆ ಕೆಲವು ಮಾದರಿಯ ಕಾರುಗಳ ಮಟ್ಟಿಗೆ ಇದು ಅಕ್ಷರಶಃ ನಿಜವಾಗಿತ್ತು.

ಅಮೆರಿಕದ ಜನರಲ್ ಮೋಟರ್ಸ್ ಕಂಪನಿ 2014ರ ಫೆಬ್ರವರಿಯಲ್ಲಿ ಶೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಮುಂತಾದ ಕಾರುಗಳನ್ನು ವಾಪಸ್ ಕರೆಸಲು ಶುರುಮಾಡಿತು. ಲೆಕ್ಕ ಬೆಳೆಯುತ್ತಾ ಹೋಗಿ ಸುಮಾರು 26 ಲಕ್ಷ ಮುಟ್ಟಿತು. ರಿಪೇರಿ ಆಗುವವರೆಗೆ ಗೊಂಚಲಿನಿಂದ ಉಳಿದದ್ದನ್ನೆಲ್ಲ ತೆಗೆದು ಕೀ ಒಂದನ್ನೇ ಬಳಸಿ ಎಂದು ಮಾಲೀಕರಿಗೆ ಹೇಳಿದ್ದು ಯಾವುದೋ ಫಾರ್ವರ್ಡ್ ಅಲ್ಲ, ಕಂಪನಿಯೇ. ಆ ಹೊತ್ತಿಗೆ ತುಂಬಾ ತಡವಾಗಿತ್ತು. ಕಂಪನಿಯ ಹಣದಲ್ಲಿ ರಚನೆಯಾದ ಪರಿಹಾರ ನಿಧಿ ಕೊನೆಗೆ 124 ಸಾವುಗಳಿಗೆ ಪರಿಹಾರ ಕೊಡಲು ಒಪ್ಪಿತು.

ದೋಷ ಇದ್ದದ್ದು ಬೆರಳುದ್ದದ ಒಂದು ಬಿಡಿಭಾಗದಲ್ಲಿ. ಕಾರಿನ ಕೀ ತಿರುಗಿಸುವಾಗ ‘ಟಕ್’ ಎಂದು ಒಂದೊಂದು ಸ್ಥಾನದಲ್ಲಿ ನಿಲ್ಲುತ್ತದಲ್ಲ, ಆ ಹಿಡಿತವನ್ನು ಕೊಡುವುದು ಇಗ್ನಿಷನ್ ಸ್ವಿಚ್‌ನೊಳಗಿನ ಒಂದು ಸ್ಪ್ರಿಂಗ್. ಈ ಕಾರುಗಳಲ್ಲಿ ಆ ಹಿಡಿತ, ಕಂಪನಿಯೇ ನಿಗದಿ ಮಾಡಿದ್ದಕ್ಕಿಂತ ಸಡಿಲವಾಗಿತ್ತು. ಗುಂಡಿಗೆ ಇಳಿದಾಗ ಕೀ ಗೊಂಚಲು ಜಗ್ಗಿದರೆ ಅಥವಾ ಚಾಲಕರ ಮೊಣಕಾಲು ತಗುಲಿದರೆ ಕೀ ‘ರನ್’ ಸ್ಥಾನದಿಂದ ‘ಆಕ್ಸೆಸರಿ’ ಸ್ಥಾನಕ್ಕೆ ಜಾರುತ್ತಿತ್ತು. ಅಂದರೆ ಇಂಜಿನ್ ಬಂದ್, ರೇಡಿಯೊ ಮಾತ್ರ ಚಾಲೂ. ಪವರ್ ಸ್ಟೀರಿಂಗ್ ಹೋಗುತ್ತದೆ, ಬ್ರೇಕ್ ಗಟ್ಟಿಯಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಏರ್‌ಬ್ಯಾಗ್‌ಗೂ ವಿದ್ಯುತ್ ಕಡಿತವಾಗುತ್ತದೆ. ಇಂಜಿನ್ ನಿಂತ ಕಾರು ಹತೋಟಿ ತಪ್ಪಿ ಮರಕ್ಕೆ ಗುದ್ದುವ ಆ ಕ್ಷಣದಲ್ಲೇ ಅದು ತೆರೆಯುವುದಿಲ್ಲ.

ಕಂಪನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. 2005ರ ಡಿಸೆಂಬರ್‌ನಲ್ಲೇ ಡೀಲರ್‌ಗಳಿಗೆ ಒಂದು ಸುತ್ತೋಲೆ ಹೋಗಿತ್ತು. ಚಾಲಕರು ಗಿಡ್ಡವಾಗಿದ್ದು ಕೀ ಗೊಂಚಲು ಭಾರವಾಗಿದ್ದರೆ ಕೀ ತಾನಾಗಿ ತಿರುಗುವ ಸಾಧ್ಯತೆ ಹೆಚ್ಚು ಎಂದು ಅದರಲ್ಲಿ ಬರೆದಿತ್ತು. ಆದರೆ ‘ಇಂಜಿನ್ ನಿಂತುಹೋಗುತ್ತದೆ’ ಎಂಬ ನೇರ ಮಾತನ್ನು ಬೇಕೆಂದೇ ಬಿಟ್ಟಿದ್ದರು ಎಂದು ಕಂಪನಿ ತಾನೇ ನೇಮಿಸಿದ ವಕೀಲರ ತನಿಖಾ ವರದಿ ಹೇಳಿತು. ಆ ಮಾತು ಬಂದರೆ ಅದು ಸುರಕ್ಷತೆಯ ವಿಷಯವಾಗುತ್ತದೆ, ಸುರಕ್ಷತೆ ಎಂದರೆ ಕಾರುಗಳನ್ನು ವಾಪಸ್ ಕರೆಸಬೇಕಾಗುತ್ತದೆ. ಹಾಗಾಗಿ ಇದನ್ನು ‘ಗ್ರಾಹಕರ ಅನುಕೂಲದ ವಿಷಯ’ ಎಂಬ ಡಬ್ಬಿಗೆ ಹಾಕಿ ಮುಚ್ಚಿಟ್ಟರು.

ಸರ್ಕಾರ ಏನು ಮಾಡುತ್ತಿತ್ತು?

ಅಮೆರಿಕದಲ್ಲಿ ವಾಹನಗಳ ದೋಷ ಹುಡುಕಲೆಂದೇ ಒಂದು ಸರ್ಕಾರಿ ಸಂಸ್ಥೆ ಇದೆ, ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ. ಚಿಕ್ಕದಾಗಿ ‘ನಿಟ್ಸಾ’ ಅನ್ನುತ್ತಾರೆ. ಯಾರು ಬೇಕಾದರೂ ಅಲ್ಲಿಗೆ ದೂರು ಬರೆಯಬಹುದು. ದೂರುಗಳನ್ನು ಜರಡಿ ಹಿಡಿದು, ಒಂದೇ ಬಗೆಯ ತೊಂದರೆ ಮರುಕಳಿಸುತ್ತಿದೆ ಅನ್ನಿಸಿದರೆ ಪ್ರಾಥಮಿಕ ತನಿಖೆ ತೆರೆಯುತ್ತಾರೆ. ಅದರಲ್ಲಿ ಹುರುಳಿದ್ದರೆ ಇಂಜಿನಿಯರಿಂಗ್ ಪರೀಕ್ಷೆ. ಆಮೇಲೆ ಕಂಪನಿಗೆ ವಾಹನ ವಾಪಸ್ ಕರೆಸಿ ಎನ್ನುವ ಒತ್ತಾಯ. ಕಾಗದದ ಮೇಲೆ ಬಹಳ ಚೆನ್ನಾಗಿದೆ.

2006ರ ಅಕ್ಟೋಬರ್‌ನಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಒಂದು ಕೋಬಾಲ್ಟ್ ಕಾರು ರಸ್ತೆ ಬಿಟ್ಟು ಮರಗಳಿಗೆ ಡಿಕ್ಕಿಯಾಯಿತು. ಹದಿಹರೆಯದ ಇಬ್ಬರು ಹುಡುಗಿಯರು ಸತ್ತರು. ಏರ್‌ಬ್ಯಾಗ್ ತೆರೆದಿರಲಿಲ್ಲ. ತನಿಖೆ ಮಾಡಿದ ಆ ರಾಜ್ಯದ ಹೆದ್ದಾರಿ ಪೊಲೀಸ್ ಸಿಬ್ಬಂದಿಯೊಬ್ಬರು 2007ರ ಆರಂಭದಲ್ಲಿ ಬರೆದ ವರದಿಯಲ್ಲಿ, ಕೀ ‘ಆಕ್ಸೆಸರಿ’ ಸ್ಥಾನದಲ್ಲಿತ್ತು ಎಂದು ದಾಖಲಿಸಿ, ಕಂಪನಿಯ ಆ ಸುತ್ತೋಲೆಯನ್ನೇ ಉಲ್ಲೇಖಿಸಿದ್ದರು. ಇಂಜಿನಿಯರ್‌ಗಳ ದೊಡ್ಡ ತಂಡಗಳು ಕೂಡಿಸದ ಎರಡು ಎಳೆಗಳನ್ನು ಒಬ್ಬ ಪೊಲೀಸ್ ಕೂಡಿಸಿದ್ದರು. ಈ ವರದಿ ನಿಟ್ಸಾದ ಕಡತದಲ್ಲೂ ಇತ್ತು.

ಅದೇ 2007ರಲ್ಲಿ ನಿಟ್ಸಾದ ಒಬ್ಬ ಅಧಿಕಾರಿ 29 ದೂರುಗಳು ಮತ್ತು 4 ಮಾರಣಾಂತಿಕ ಅಪಘಾತಗಳನ್ನು ಮುಂದಿಟ್ಟು, ಕೋಬಾಲ್ಟ್ ಏರ್‌ಬ್ಯಾಗ್ ಬಗ್ಗೆ ತನಿಖೆ ತೆರೆಯೋಣ ಎಂದರು. ಸಮಿತಿ ಬೇಡ ಎಂದಿತು. ಇತರ ಕಾರುಗಳಿಗೆ ಹೋಲಿಸಿದರೆ ಎದ್ದು ಕಾಣುವಂಥ ಪ್ರವೃತ್ತಿ ಇಲ್ಲ ಎಂಬುದು ಕಾರಣ. 2010ರಲ್ಲಿ ಮತ್ತೊಮ್ಮೆ ನೋಡಿದರು, ಮತ್ತೆ ಅದೇ ಉತ್ತರ.

ಯಾಕೆ ಹೀಗಾಯಿತು? ಲಂಚ, ಒಳಸಂಚು ಎಂದು ಹೇಳಿಬಿಡುವುದು ಸುಲಭ, ಫಾರ್ವರ್ಡ್ ಆಗಿಯೂ ಚೆನ್ನಾಗಿ ಓಡುತ್ತದೆ. ಅಮೆರಿಕ ಸಂಸತ್ತಿನ ವಿಚಾರಣೆಯಲ್ಲಿ ಹೊರಬಂದದ್ದು ಇನ್ನೂ ಸಪ್ಪೆಯಾದ, ನಮಗೆ ಇನ್ನೂ ಹೆದರಿಕೆ ಹುಟ್ಟಿಸುವ ಕಾರಣ. ಇಂಜಿನ್ ನಿಲ್ಲುವ ದೂರುಗಳು ಒಂದು ಕಡೆ, ಏರ್‌ಬ್ಯಾಗ್ ತೆರೆಯದ ದೂರುಗಳು ಇನ್ನೊಂದು ಕಡೆ ಬಿದ್ದಿದ್ದವು. ಕೀ ಜಾರಿದರೆ ಆ ಕಾರಿನ ಏರ್‌ಬ್ಯಾಗ್ ಕೂಡ ನಿಷ್ಕ್ರಿಯವಾಗುತ್ತದೆ ಎಂಬುದೇ ತನಿಖಾಧಿಕಾರಿಗಳಿಗೆ ಸರಿಯಾಗಿ ತಿಳಿದಿರಲಿಲ್ಲ. 2014ರಲ್ಲಿ ನಿಟ್ಸಾಗೆ ಬಂದ ದೂರುಗಳು ಸುಮಾರು 78 ಸಾವಿರ. ಅವುಗಳ ಮೊದಲ ಜರಡಿ ಒಬ್ಬರೇ ನೌಕರರ ಕೈಯಲ್ಲಿತ್ತು ಎಂದು ಅಲ್ಲಿನ ಸಾರಿಗೆ ಇಲಾಖೆಯ ಲೆಕ್ಕಪರಿಶೋಧಕರೇ 2015ರಲ್ಲಿ ವರದಿ ಕೊಟ್ಟರು.

ಕೊನೆಗೆ ದೋಷ ಹೊರಬಂದದ್ದು ಜಾರ್ಜಿಯಾದಲ್ಲಿ ಮಗಳನ್ನು ಕಳೆದುಕೊಂಡ ಒಂದು ಕುಟುಂಬ ಹಾಕಿದ ಮೊಕದ್ದಮೆಯಿಂದ. ಅವರ ವಕೀಲರು ಗೊತ್ತುಮಾಡಿದ ಇಂಜಿನಿಯರ್ ಹಳೆಯ ಸ್ವಿಚ್ಚನ್ನೂ ಹೊಸದಾಗಿ ಕೊಂಡ ಸ್ವಿಚ್ಚನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟರು. ಹೊಸದರ ಸ್ಪ್ರಿಂಗ್ ಉದ್ದವಾಗಿತ್ತು, ಹಿಡಿತ ಬಿಗಿಯಾಗಿತ್ತು. ಕಂಪನಿ ಯಾವಾಗಲೋ ಸ್ವಿಚ್ ಸುಧಾರಿಸಿ, ಬಿಡಿಭಾಗದ ಸಂಖ್ಯೆಯನ್ನು ಮಾತ್ರ ಬದಲಿಸದೇ ಬಿಟ್ಟಿತ್ತು! ಹಳೆಯದಕ್ಕೂ ಹೊಸದಕ್ಕೂ ಒಂದೇ ನಂಬರ್. ಕಡತ ನೋಡುವವರಿಗೆ ಏನೂ ಬದಲಾಗಿಲ್ಲ ಎಂದೇ ಕಾಣುತ್ತಿತ್ತು. ಸುರಕ್ಷತಾ ಸಂಸ್ಥೆ ಕಂಪನಿಗೆ 3.5 ಕೋಟಿ ಡಾಲರ್ ದಂಡ ಹಾಕಿತು. 2015ರಲ್ಲಿ ನ್ಯಾಯ ಇಲಾಖೆಯ ಜೊತೆಗಿನ ಒಪ್ಪಂದದಲ್ಲಿ 90 ಕೋಟಿ ಡಾಲರ್ ಕಟ್ಟಬೇಕಾಯಿತು.

ನಮ್ಮಲ್ಲಿ?

ಭಾರತದಲ್ಲಿ ಬಹುಕಾಲ ವಾಹನ ವಾಪಸ್ ಕರೆಸುವುದು ಕಂಪನಿಗಳ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ 110ಎ ಎಂಬ ಹೊಸ ಕಲಂ ಸೇರಿಸಿತು. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಒಂದು ಮಾದರಿಯ ಮಾರಾಟಕ್ಕೆ ತಕ್ಕಂತೆ ನಿಗದಿಯಾದಷ್ಟು ದೂರುಗಳು ಬಂದರೆ ಕೇಂದ್ರ ಸರ್ಕಾರ ವಿಚಾರಣೆ ನಡೆಸಿ, ವಾಹನಗಳನ್ನು ವಾಪಸ್ ಕರೆಸುವಂತೆ ಆದೇಶಿಸಬಹುದು. 7 ವರ್ಷಕ್ಕಿಂತ ಹಳೆಯ ವಾಹನಗಳಿಗೆ ಇದು ಅನ್ವಯಿಸುವುದಿಲ್ಲ. ದಂಡ ಗರಿಷ್ಠ 1 ಕೋಟಿ ರೂಪಾಯಿ. ದೊಡ್ಡ ವಾಹನ ಕಂಪನಿಗೆ ಇದು ಯಾವ ಲೆಕ್ಕ ಎಂದು ನಮಗಂತೂ ಅನ್ನಿಸುತ್ತದೆ.

2022ರ ಬೇಸಿಗೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳು ಹೊತ್ತಿ ಉರಿದ ವಿಡಿಯೊಗಳು ನಿಮಗೂ ಬಂದಿರಬೇಕು. ಆಗ ಕೇಂದ್ರ ಸರ್ಕಾರ ಡಿಆರ್‌ಡಿಒದ ಬೆಂಕಿ ಮತ್ತು ಸ್ಫೋಟಕ ಸುರಕ್ಷತಾ ಕೇಂದ್ರಕ್ಕೆ ತನಿಖೆ ಒಪ್ಪಿಸಿತು. ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ತಾನಾಗಿ 1,441 ಸ್ಕೂಟರ್‌ಗಳನ್ನು ತಪಾಸಣೆಗೆ ವಾಪಸ್ ಕರೆಸಿತು, ಬ್ಯಾಟರಿ ಪರೀಕ್ಷೆಯ ನಿಯಮಗಳು ಬಿಗಿಯಾದವು. ಬೆಂಕಿ ಕಣ್ಣಿಗೆ ಕಾಣುತ್ತದೆ, ವಿಡಿಯೊ ಆಗುತ್ತದೆ. ಓಡುತ್ತಾ ಓಡುತ್ತಾ ಆಫ್ ಆಗಿ, ಮತ್ತೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗುವ ಗಾಡಿಯ ವಿಡಿಯೊ ಯಾರು ಮಾಡುತ್ತಾರೆ? ಗ್ಯಾರೇಜಿನಲ್ಲಿ ತೋರಿಸುತ್ತೇವೆ, ಅಲ್ಲಿ ಅದು ಸರಿಯಾಗೇ ಇರುತ್ತದೆ, ಸುಮ್ಮನಾಗುತ್ತೇವೆ. ಅಮೆರಿಕದಲ್ಲಿ ತಪ್ಪಿಸಿಕೊಂಡದ್ದು ಇಂಥದೇ ಸದ್ದಿಲ್ಲದ ದೋಷ.

ಹಾಗಾದರೆ ಆ ಕೀಚೈನ್ ಮೆಸೇಜ್ ಫಾರ್ವರ್ಡ್ ಮಾಡಬಹುದೇ? ‘ಎಲ್ಲ ಕಾರುಗಳಿಗೂ’ ಎಂದು ಬರೆದಿದ್ದರೆ ಬೇಡ, ಅದು ತಪ್ಪು. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳಲ್ಲಿ ಜಗ್ಗಲು ಕೀಯೇ ನೇತಾಡುತ್ತಿರುವುದಿಲ್ಲ. ಕೀ ತಿರುಗಿಸುವ ಹಳೆಯ ಕಾರಾದರೆ ಗೊಂಚಲು ಹಗುರವಾಗಿರಲಿ, ಅದರಿಂದ ನಷ್ಟವಂತೂ ಇಲ್ಲ. ಓಡುವಾಗ ಇಂಜಿನ್ ನಿಂತರೆ ಬ್ರೇಕನ್ನು ಪದೇಪದೇ ಒತ್ತಿ ಬಿಡಬೇಡಿ, ಅದರಲ್ಲಿ ಉಳಿದಿರುವ ಸಹಾಯಕ ಶಕ್ತಿ ಖಾಲಿಯಾಗುತ್ತದೆ. ಒಂದೇ ಸಮನೆ ಬಲವಾಗಿ ಒತ್ತಿ ಹಿಡಿಯಿರಿ. ಕೀಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಹೊರಗೆ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗಬಹುದು.

ಆಮೇಲೆ ಗ್ರೂಪಿನಲ್ಲಿ ಹಾಕುವ ಮೊದಲು ಡೀಲರ್‌ಗೆ ಬರಹದಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಕೇಂದ್ರ ಸಾರಿಗೆ ಸಚಿವಾಲಯದ ವಾಹನ್ ಜಾಲತಾಣದ ದೂರು ವಿಭಾಗದಲ್ಲೂ ದಾಖಲಿಸಿ. ‘ಗಾಡಿ ಸರಿ ಇಲ್ಲ’ ಎಂದಷ್ಟೇ ಬರೆದರೆ ಸಾಲದು. ಎಷ್ಟು ವೇಗದಲ್ಲಿದ್ದಿರಿ, ರಸ್ತೆ ಹೇಗಿತ್ತು, ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪ ಹೊತ್ತಿತ್ತು, ಕೀ ಯಾವ ಸ್ಥಾನದಲ್ಲಿತ್ತು, ಎಲ್ಲವನ್ನೂ ಬರೆಯಿರಿ. ವಿಸ್ಕಾನ್ಸಿನ್‌ನ ಆ ಪೊಲೀಸ್ ಗಮನಿಸಿದ್ದು ಕೊನೆಯದ್ದನ್ನೇ.