ಬೆಟ್ಟದ ಫೋಟೊ ಸಾಕಷ್ಟಿವೆ, ಬೀದಿಯದ್ದು?

ಮೊಬೈಲ್‌ನಲ್ಲಿ ‘ಮಧುಗಿರಿ’ ಅಂತ ಹುಡುಕಿ ನೋಡಿ. ಬರುವುದೆಲ್ಲ ಏಕಶಿಲಾ ಬೆಟ್ಟವೇ. ಮೋಡದೊಳಗೆ ಬೆಟ್ಟ, ಡ್ರೋನ್ ಕಣ್ಣಲ್ಲಿ ಬೆಟ್ಟ, ಕೋಟೆ ಬಾಗಿಲಲ್ಲಿ ಗೆಳೆಯರ ಸೆಲ್ಫಿ. ಶಿರಾ ಅಂದರೆ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ, ಕೊರಟಗೆರೆ ಅಂದರೆ ಸಿದ್ಧರಬೆಟ್ಟ, ಪಾವಗಡ ಅಂದರೆ ಸೋಲಾರ್ ಪಾರ್ಕ್.

ಚಿತ್ರಗಳೇನೋ ಚೆಂದವಾಗಿವೆ. ಆದರೆ ತುಮಕೂರು ಜಿಲ್ಲೆಯ ಉತ್ತರಕ್ಕಿರುವ ಈ ನಾಲ್ಕು ತಾಲ್ಲೂಕುಗಳಲ್ಲಿ ಜನ ಹೇಗೆ ಬದುಕುತ್ತಾರೆ ಎಂಬುದು ಅವುಗಳಲ್ಲಿ ಕಾಣುವುದಿಲ್ಲ. ಖಾಸಗಿ ಬಸ್ಸಿನ ಬಾಗಿಲಲ್ಲಿ ನಿಂತು ಊರುಗಳ ಹೆಸರು ಕೂಗುವ ಕಂಡಕ್ಟರ್, ಬೇಸಿಗೆಯಲ್ಲಿ ಮನೆ ಮುಂದೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುವ ಹೆಂಗಸರು, ಅಕ್ಕಿರಾಂಪುರದ ಕುರಿ ಸಂತೆಯ ಚೌಕಾಸಿ ಎಲ್ಲಿ? ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವ ಪಾವಗಡದಲ್ಲಿ ಶುದ್ಧ ನೀರಿನ ಘಟಕದ ಮುಂದೆ ನಿಲ್ಲುವ ಕ್ಯಾನ್‌ಗಳ ಸಾಲು ಎಲ್ಲಿ? ‘ಇದರಲ್ಲೇನಿದೆ ಫೋಟೊ ತೆಗೆಯೋಕೆ?’ ಅಂದುಕೊಂಡು ನಾವೇ ಮುಂದೆ ಹೋಗಿಬಿಡುತ್ತೇವೆ.

ಇದರಲ್ಲೇನಿದೆ ಎಂಬುದಕ್ಕೆ ಪಾವಗಡವೇ ಉತ್ತರ. ತಿರುಮಣಿ, ವಳ್ಳೂರು, ಬಳಸಮುದ್ರದ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಮೊದಲ ಹಂತ ಉದ್ಘಾಟನೆಯಾದದ್ದು 2018ರ ಮಾರ್ಚ್‌ನಲ್ಲಿ. 2019ರ ಕೊನೆಗೆ ಪೂರ್ತಿಯಾಯಿತು. ಜಮೀನನ್ನು ಕೊಂಡದ್ದಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ರೈತರಿಂದ ಗುತ್ತಿಗೆಗೆ ಪಡೆದದ್ದು. ಬಿ.ಇ. ಓದುವ ನಮ್ಮಂಥವರಿಗೆ ಅದೊಂದು ದೊಡ್ಡ ಪಾಠಶಾಲೆ. ಆದರೆ ಗುತ್ತಿಗೆ ಹಣ ಬಂದದ್ದು ಜಮೀನಿದ್ದವರಿಗೆ. ಅದೇ ಹೊಲಗಳಲ್ಲಿ ಕಡಲೆಕಾಯಿ ಕೀಳಲು ಕೂಲಿಗೆ ಹೋಗುತ್ತಿದ್ದವರು ಬೇರೆ ಕೆಲಸ ಹುಡುಕಬೇಕಾಯಿತು. ಪ್ಯಾನೆಲ್‌ಗಳ ಫೋಟೊ ಇವತ್ತೂ ತೆಗೆಯಬಹುದು, ನಾಳೆಯೂ ತೆಗೆಯಬಹುದು. ಆ ಹೊಲ, ಆ ಕೂಲಿಯ ಗುಂಪಿನ ಫೋಟೊವನ್ನು ಇನ್ನು ಯಾವ ಕ್ಯಾಮೆರಾದಿಂದಲೂ ತೆಗೆಯಲಾಗದು.

ಯೂಜೀನ್ ಅಟ್ಜೆ ಎಂಬ ಫ್ರೆಂಚ್ ಛಾಯಾಗ್ರಾಹಕ ಇದನ್ನು ನೂರು ವರ್ಷದ ಹಿಂದೆಯೇ ಅರಿತಿದ್ದ. 1927ರಲ್ಲಿ ಸಾಯುವವರೆಗೂ ಹಳೇ ಪ್ಯಾರಿಸ್‌ನ ಗಲ್ಲಿ, ಅಂಗಡಿ, ಬೀದಿ ವ್ಯಾಪಾರಿಗಳನ್ನು ಸೆರೆಹಿಡಿದ. ತನ್ನ ಚಿತ್ರಗಳನ್ನು ಕಲೆ ಅನ್ನಲಿಲ್ಲ, ದಾಖಲೆ ಅಂದ. ಇತ್ತ ನಮ್ಮ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತಲಿನ ಹಕ್ಕಿಗಳಿಗಾಗಿ ಕ್ಯಾಮೆರಾ ಹಿಡಿದು ಗಂಟೆಗಟ್ಟಲೆ ಕಾದರು. ಇಬ್ಬರೂ ತಮ್ಮ ಕಾಲಡಿಯ ಜಾಗವನ್ನೇ ಮತ್ತೆ ಮತ್ತೆ ನೋಡಿದವರು.

ಇದಕ್ಕೆ ದುಬಾರಿ ಡಿಎಸ್‌ಎಲ್‌ಆರ್ ಬೇಕಿಲ್ಲ, ಕೈಯಲ್ಲಿರುವ ಮೊಬೈಲ್ ಸಾಕು. ನಿಮ್ಮೂರಿನ ಒಂದೇ ಜಾಗ ಆರಿಸಿಕೊಳ್ಳಿ: ಸಂತೆ, ಕೆರೆ ಏರಿ ಅಥವಾ ಬಸ್ ಸ್ಟ್ಯಾಂಡ್. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು ಕ್ಲಿಕ್ಕಿಸಿ. ನಮ್ಮ ಬಯಲುಸೀಮೆಯ ಮಧ್ಯಾಹ್ನದ ಬಿಸಿಲಲ್ಲಿ ಮುಖಗಳ ಮೇಲೆ ಕಪ್ಪು ನೆರಳು ಬೀಳುತ್ತದೆ. ಬೆಳಿಗ್ಗೆ, ಸಂಜೆ ಒಳ್ಳೆಯದು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಾಗ ಸಾಮಾನ್ಯವಾಗಿ ಫೋಟೊದ ಗುಣಮಟ್ಟ ಕುಗ್ಗುತ್ತದೆ, ಹಾಗಾಗಿ ಮೂಲ ಫೈಲನ್ನು ಬೇರೆ ಕಡೆ ಇಡಿ. ದಿನಾಂಕ, ಜಾಗ, ಅಲ್ಲಿ ನಡೆಯುತ್ತಿದ್ದ ಕೆಲಸ ಬರೆದಿಡಿ. ಈ ಮೂರಿಲ್ಲದ ಫೋಟೊ ಇಪ್ಪತ್ತು ವರ್ಷದ ಮೇಲೆ ಯಾರಿಗೂ ಏನೂ ಹೇಳುವುದಿಲ್ಲ.

ಜೊತೆಗೆ ಸ್ವಲ್ಪ ಮರ್ಯಾದೆಯೂ ಬೇಕು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಳಿ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಜಿಗಿಯುವ ಚಿತ್ರಕ್ಕಾಗಿ ಕೃಷ್ಣಮೃಗಗಳನ್ನು ಓಡಿಸಬಾರದು ಎಂದು ಎಲ್ಲರೂ ಹೇಳುತ್ತಾರೆ. ಮನುಷ್ಯರಿಗೂ ಅದೇ ಮಾತು. ‘ಅಜ್ಜಿ, ಒಂದು ಫೋಟೊ ತೆಗೀಲಾ?’ ಅಂತ ಕೇಳಿ. ಬೇಡ ಅಂದರೆ ಬಿಡಿ. ಸರಿ ಅಂದರೆ, ಮುಂದಿನ ಸಲ ಹೋಗುವಾಗ ಒಂದು ಪ್ರಿಂಟ್ ಹಾಕಿಸಿಕೊಂಡು ಹೋಗಿ.

‘ಇದರಿಂದ ಕೆಲಸ ಸಿಗುತ್ತಾ?’ ಎಂದು ಮನೆಯಲ್ಲಿ ಕೇಳುತ್ತಾರೆ. ಹೆಚ್ಚಿನವರಿಗೆ ಸಿಗದು. ಆದರೆ ಕೆಲಸ ಸಿಕ್ಕ ದಿನ ನಮ್ಮಲ್ಲಿ ಬಹುಪಾಲು ಜನ ಬೆಂಗಳೂರಿನ ಬಸ್ ಹತ್ತುತ್ತೇವೆ. ವರ್ಷಕ್ಕೆರಡು ಸಲ ಹಬ್ಬಕ್ಕೋ ಜಾತ್ರೆಗೋ ಬರುವ ಹೊತ್ತಿಗೆ ರಸ್ತೆ ಅಗಲವಾಗಿರುತ್ತದೆ, ಹಂಚಿನ ಮನೆ ಹೋಗಿ ಆರ್‌ಸಿಸಿ ಎದ್ದಿರುತ್ತದೆ, ಟೀ ಅಂಗಡಿಯ ಬೆಂಚಿನಲ್ಲಿ ಪರಿಚಯದ ಮುಖ ಇರುವುದಿಲ್ಲ. ಬದಲಾಗಬೇಡ ಎಂದು ಊರಿಗೆ ಹೇಳಲಾಗದು. ಬದಲಾಗುವ ಮೊದಲು ಹೇಗಿತ್ತು ಎಂದು ತೋರಿಸಲು ಮಾತ್ರ ಆಗುತ್ತದೆ, ಅದೂ ನಾವು ಇನ್ನೂ ಊರಲ್ಲಿರುವ ಈ ಎರಡು ಮೂರು ವರ್ಷದಲ್ಲಿ.