ಮುಗುಳ್ನಗೆಯೂ ಮೊಹರೂ: ಥಾಯ್ಲೆಂಡ್‌ನ ಜನಜೀವನ, ನಿಯಮ ಮತ್ತು ಆಡಳಿತ

(ಬ್ಯಾಂಕಾಕ್‌ನಲ್ಲಿ ನೆಲೆಸಿರುವ ಕನ್ನಡಿಗ ವರ್ತಕರೊಬ್ಬರ ಅನುಭವ ಮತ್ತು ಅಭಿಪ್ರಾಯ)

ವಿದೇಶದೊಡನೆ ವಾಣಿಜ್ಯ ಸಂಬಂಧ ಬೆಳೆಸಬಯಸುವ ನಮ್ಮ ವರ್ತಕರು ಸಾಮಾನ್ಯವಾಗಿ ಮಾರುಕಟ್ಟೆ, ಸುಂಕ ಮತ್ತು ಸಾಗಣೆ ವೆಚ್ಚ ಇವಿಷ್ಟನ್ನು ವಿಚಾರಿಸಿ ತೃಪ್ತರಾಗುತ್ತಾರೆ. ಆ ದೇಶದ ಜನರು ದಿನನಿತ್ಯ ಹೇಗೆ ನಡೆದುಕೊಳ್ಳುತ್ತಾರೆ, ಅಲ್ಲಿನ ಕಚೇರಿಗಳು ಹೇಗೆ ನಡೆಯುತ್ತವೆ ಎಂಬುದು ಪ್ರವಾಸಿಗರಿಗೆ ಬಿಟ್ಟ ವಿಷಯವೆಂಬ ಭಾವನೆ ನಮ್ಮಲ್ಲಿದೆ. ಬ್ಯಾಂಕಾಕ್ ನಗರದಲ್ಲಿ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಯಂತ್ರಗಳ ಬಿಡಿಭಾಗಗಳ ವ್ಯವಹಾರ ನಡೆಸಿಕೊಂಡು ಬಂದಿರುವ ನನಗೆ, ಈ ಎರಡು ಸಂಗತಿಗಳೇ ಲಾಭನಷ್ಟವನ್ನು ಹೆಚ್ಚಾಗಿ ನಿರ್ಧರಿಸುತ್ತವೆ ಎಂದು ತೋರಿದೆ.

ಭಾರತ ಮತ್ತು ಥಾಯ್ಲೆಂಡ್‌ಗಳ ನಡುವೆ 2004ರಲ್ಲಿ 82 ಸರಕುಗಳ ಮೇಲಿನ ಸುಂಕ ಕಡಿತದ ವ್ಯವಸ್ಥೆ ಜಾರಿಗೆ ಬಂದಿತು. 2010ರ ಜನವರಿಯಲ್ಲಿ ಆಸಿಯಾನ್-ಭಾರತ ಸರಕು ವ್ಯಾಪಾರ ಒಪ್ಪಂದವೂ ಅದರೊಡನೆ ಸೇರಿತು. 2023ರ ನವೆಂಬರ್‌ನಲ್ಲಿ ಭಾರತೀಯ ಪ್ರವಾಸಿಗರಿಗೆ ವೀಸಾ ವಿನಾಯಿತಿ ದೊರೆತ ಮೇಲೆ ಮಾರುಕಟ್ಟೆ ನೋಡಿಬರಲು ಹೋಗುವ ನಮ್ಮ ಸಣ್ಣ ಉದ್ದಿಮೆದಾರರ ಸಂಖ್ಯೆಯೂ ಬೆಳೆಯಿತು. ಹೀಗೆ ಬಂದವರಲ್ಲಿ ಅನೇಕರು ನಾಲ್ಕು ದಿನ ಸುತ್ತಾಡಿ, ಅಲ್ಲಿನ ಜನರ ಸೌಜನ್ಯಕ್ಕೆ ಮಾರುಹೋಗಿ, "ಇಲ್ಲಿ ಎಲ್ಲವೂ ಸುಲಭ" ಎಂಬ ತೀರ್ಮಾನದೊಡನೆ ಹಿಂದಿರುಗುತ್ತಾರೆ. ಆ ತೀರ್ಮಾನದ ಪರಿಶೀಲನೆಯೇ ಈ ಲೇಖನದ ಉದ್ದೇಶ.

ದಾಕ್ಷಿಣ್ಯದ ಸಮಾಜ

ಥಾಯ್ ಸಮಾಜದ ನಡವಳಿಕೆಯನ್ನು ಅರಿಯಲು ಒಂದು ಪದ ಸಾಕು. ಅದು "ಕ್ರೆಂಗ್ ಚೈ". ಇಂಗ್ಲಿಷ್ ಪುಸ್ತಕಗಳು ಇದನ್ನು ವಿವರಿಸಲು ಪುಟಗಟ್ಟಲೆ ಬರೆಯುತ್ತವೆ. ಕನ್ನಡಿಗರಿಗೆ ಅಷ್ಟು ಶ್ರಮ ಬೇಡ. ನಮ್ಮ "ದಾಕ್ಷಿಣ್ಯ" ಎಂಬ ಮಾತು ಅದಕ್ಕೆ ಬಹಳ ಸಮೀಪವಾಗಿದೆ. ಎದುರಿನವರಿಗೆ ತೊಂದರೆಯಾಗಬಾರದು, ಅವರ ಮುಖ ಸಣ್ಣದಾಗಬಾರದು, ಹಿರಿಯರ ಮಾತಿಗೆ ಎದುರು ಹೇಳಬಾರದು ಎಂಬ ಎಚ್ಚರವೇ ಅದು. ವಯಸ್ಸಿನಲ್ಲಿ ಹಿರಿಯರನ್ನು "ಪೀ" ಎಂದೂ ಕಿರಿಯರನ್ನು "ನೊಂಗ್" ಎಂದೂ ಕರೆಯುವುದು ಅಂಗಡಿ, ಕಚೇರಿ, ಕಾರ್ಖಾನೆ ಎಲ್ಲೆಡೆ ರೂಢಿಯಲ್ಲಿದೆ. ಅಣ್ಣ, ಅಕ್ಕ, ತಮ್ಮ ಎಂದು ಕರೆದು ಬೆಳೆದ ನಮಗೆ ಇದು ಹೊಸದೇನಲ್ಲ.

ವ್ಯಾಪಾರದಲ್ಲಿ ಈ ದಾಕ್ಷಿಣ್ಯಕ್ಕೆ ಬೆಲೆಯಿದೆ. ಥಾಯ್ ಖರೀದಿದಾರರು ನೇರವಾಗಿ "ಬೇಡ" ಎನ್ನುವುದು ಅಪರೂಪ. "ನೋಡೋಣ", "ವಿಚಾರಿಸಿ ಹೇಳುತ್ತೇವೆ" ಎಂಬ ಮಾತು ಎರಡು ಬಾರಿ ಬಂದರೆ ಅದನ್ನು ನಿರಾಕರಣೆಯೆಂದೇ ಬಗೆಯುವುದು ಒಳಿತು. ಸರಕಿನಲ್ಲಿ ದೋಷ ಕಂಡರೂ ಗಟ್ಟಿಯಾಗಿ ದೂರುವುದಿಲ್ಲ. ಮುಂದಿನ ಆರ್ಡರು ಮಾತ್ರ ಬರುವುದಿಲ್ಲ. ನಾವು ಧ್ವನಿಯೇರಿಸಿ ಮಾತನಾಡಿದರೆ ಅವರು ವಾದಕ್ಕಿಳಿಯದೆ ನಗುತ್ತಾರೆ. ಆ ನಗೆ ಒಪ್ಪಿಗೆಯ ಗುರುತಲ್ಲ. ಅನೇಕ ವೇಳೆ ಅದು ವ್ಯವಹಾರ ಮುಗಿಯಿತೆಂಬುದರ ಸೂಚನೆ.

ಸಾರ್ವಜನಿಕ ಸ್ಥಳಗಳಲ್ಲಿಯೂ ಇದೇ ಶಿಸ್ತು ಕಾಣುತ್ತದೆ. ರಸ್ತೆಯಲ್ಲಿ ವಾಹನ ಎಷ್ಟು ಹೊತ್ತು ನಿಂತರೂ ಹಾರ್ನ್ ಸದ್ದು ವಿರಳ. 1999ರಲ್ಲಿ ಆರಂಭವಾದ ಸ್ಕೈಟ್ರೇನ್ ನಿಲ್ದಾಣಗಳಲ್ಲಿ ಜನರು ಸಾಲಾಗಿ ನಿಲ್ಲುತ್ತಾರೆ. ಬೆಳಿಗ್ಗೆ 8 ಗಂಟೆಗೆ ಮತ್ತು ಸಂಜೆ 6 ಗಂಟೆಗೆ ರಾಷ್ಟ್ರಗೀತೆ ಕೇಳಿಬಂದಾಗ ನಿಲ್ದಾಣ, ಉದ್ಯಾನಗಳಲ್ಲಿ ನಡೆಯುತ್ತಿರುವವರು ನಿಂತಲ್ಲಿಯೇ ನಿಲ್ಲುತ್ತಾರೆ. ಅಂಥ ಸಮಯದಲ್ಲಿ ಫೋನಿನಲ್ಲಿ ಮಾತನಾಡುತ್ತ ಮುಂದೆ ಸಾಗುವವನು ಪರದೇಶಿಯೆಂದು ಕೂಡಲೇ ತಿಳಿಯುತ್ತದೆ.

ಮೃದು ನಡೆ, ಬಿಗಿ ಕಾನೂನು

ನಡವಳಿಕೆ ಇಷ್ಟು ಮೃದುವಾಗಿರುವುದರಿಂದ ಕಾನೂನೂ ಸಡಿಲವಾಗಿರಬೇಕೆಂದು ಹೊಸಬರು ಭಾವಿಸುತ್ತಾರೆ. ವಾಸ್ತವಾಂಶ ಬೇರೆ. ಅಲ್ಲಿ ದೀರ್ಘಾವಧಿ ವೀಸಾದ ಮೇಲೆ ನೆಲೆಸಿರುವ ವಿದೇಶಿಯು ಪ್ರತಿ 90 ದಿನಗಳಿಗೊಮ್ಮೆ ತನ್ನ ವಿಳಾಸವನ್ನು ವಲಸೆ ಇಲಾಖೆಗೆ ತಿಳಿಸಬೇಕು. ವೀಸಾ ಅವಧಿ ಮೀರಿದರೆ ದಿನಕ್ಕೆ 500 ಬಾತ್‌ನಂತೆ ಗರಿಷ್ಠ 20,000 ಬಾತ್ ದಂಡವಿದೆ. ವಿದೇಶಿಗೆ ಮನೆ ಕೊಟ್ಟ ಮಾಲೀಕರು 24 ಗಂಟೆಯೊಳಗೆ ಇಲಾಖೆಗೆ ಮಾಹಿತಿ ನೀಡಬೇಕೆಂಬ ನಿಯಮ 1979ರ ವಲಸೆ ಕಾಯಿದೆಯಲ್ಲಿದೆ. ಬಹುಕಾಲ ಅದನ್ನು ಬಹುಮಟ್ಟಿಗೆ ಯಾರೂ ವಿಚಾರಿಸಲಿಲ್ಲ. 2019ರಲ್ಲಿ ಇಲಾಖೆ ಅದನ್ನು ಏಕಾಏಕಿ ಬಿಗಿಯಾಗಿ ಜಾರಿಗೆ ತಂದಿತು. ವರ್ಷಗಟ್ಟಲೆ ನೆಮ್ಮದಿಯಾಗಿದ್ದವರು ಕಚೇರಿಯ ಮುಂದೆ ಸಾಲುಗಟ್ಟಿ ನಿಂತರು. ಮರುವರ್ಷ ಕೆಲವು ಸಡಿಲಿಕೆಗಳು ದೊರೆತವು.

ಈ ಪ್ರಸಂಗದಿಂದ ಕಲಿಯಬೇಕಾದ ಪಾಠವಿದೆ. ಜಾರಿಯಾಗದ ನಿಯಮ ರದ್ದಾದ ನಿಯಮವಲ್ಲ. "ಎಲ್ಲರೂ ಹೀಗೆಯೇ ಮಾಡುತ್ತಾರೆ, ಯಾರೂ ಕೇಳುವುದಿಲ್ಲ" ಎಂಬ ಸಲಹೆ ಥಾಯ್ಲೆಂಡ್‌ನಲ್ಲಿ ಹೆಜ್ಜೆಹೆಜ್ಜೆಗೂ ದೊರೆಯುತ್ತದೆ. ಕೇಳುವ ದಿನ ಬಂದಾಗ ಸಲಹೆ ಕೊಟ್ಟವರು ಜೊತೆಗಿರುವುದಿಲ್ಲ.

ಬೇನಾಮಿ ಪಾಲುದಾರಿಕೆ ಎಂಬ ಅಪಾಯ

ಇದು ಅತ್ಯಂತ ಹೆಚ್ಚು ಅನ್ವಯವಾಗುವುದು ಕಂಪನಿ ಸ್ಥಾಪನೆಗೆ. 1999ರ ವಿದೇಶಿ ವ್ಯಾಪಾರ ಕಾಯಿದೆಯ ಪ್ರಕಾರ, ನಿರ್ಬಂಧಿತ ಪಟ್ಟಿಗಳಲ್ಲಿರುವ ವ್ಯವಹಾರಗಳನ್ನು ವಿದೇಶಿ ಕಂಪನಿ ಅನುಮತಿಯಿಲ್ಲದೆ ನಡೆಸುವಂತಿಲ್ಲ. ಷೇರು ಬಂಡವಾಳದಲ್ಲಿ ಅರ್ಧ ಅಥವಾ ಅದಕ್ಕೂ ಹೆಚ್ಚು ಭಾಗ ವಿದೇಶಿಯರದಾಗಿದ್ದರೆ ಅದು ವಿದೇಶಿ ಕಂಪನಿ. ಆದುದರಿಂದಲೇ ಶೇಕಡ 51 ಥಾಯ್, ಶೇಕಡ 49 ವಿದೇಶಿ ಎಂಬ ಲೆಕ್ಕ ಎಲ್ಲೆಡೆ ಕೇಳಿಬರುತ್ತದೆ.

ಆ ಶೇಕಡ 51ನ್ನು ಕಾಗದದ ಮೇಲೆ ಹೊಂದಿಸಿಕೊಡುವ ಮಧ್ಯವರ್ತಿಗಳಿಗೆ ಕೊರತೆಯಿಲ್ಲ. ಹಣ ಹೂಡದ, ವ್ಯವಹಾರ ತಿಳಿಯದ ಥಾಯ್ ಪ್ರಜೆಗಳ ಹೆಸರಿನಲ್ಲಿ ಷೇರು ಬರೆಸುವ ಈ ಪದ್ಧತಿ ನಮ್ಮ ಬೇನಾಮಿಯಲ್ಲದೆ ಬೇರೆಯಲ್ಲ. ಕಾಯಿದೆಯ 36ನೆಯ ಸೆಕ್ಷನ್ ಇದನ್ನು ಅಪರಾಧವೆಂದು ಸಾರುತ್ತದೆ. ಹೆಸರು ಕೊಟ್ಟ ಥಾಯ್ ಪ್ರಜೆಗೂ ಹೆಸರು ಪಡೆದ ವಿದೇಶಿಗೂ ಮೂರು ವರ್ಷಗಳವರೆಗೆ ಸೆರೆವಾಸ, ಇಲ್ಲವೇ ಒಂದು ಲಕ್ಷದಿಂದ ಹತ್ತು ಲಕ್ಷ ಬಾತ್‌ವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. 2024ರಿಂದೀಚೆಗೆ ಅಲ್ಲಿನ ವಾಣಿಜ್ಯ ಸಚಿವಾಲಯ ಇಂಥ ಕಂಪನಿಗಳ ತಪಾಸಣೆಯನ್ನು ತೀವ್ರಗೊಳಿಸಿದೆ. ನನಗೆ ಪರಿಚಿತರಾದ ಭಾರತೀಯ ವರ್ತಕರೊಬ್ಬರು ಇಂಥ ವ್ಯವಸ್ಥೆಯಲ್ಲಿ ಹಲವು ವರ್ಷ ಸುಖವಾಗಿ ವ್ಯಾಪಾರ ಮಾಡಿದರು. ಮುಂದೆ ಕಾಗದದ ಪಾಲುದಾರರು ಷೇರುಗಳು ನಿಜವಾಗಿ ತಮ್ಮವೇ ಎಂದು ನಿಂತಾಗ ಅವರಿಗೆ ದೂರು ಕೊಡಲೂ ದಾರಿಯಿರಲಿಲ್ಲ. ದೂರು ಕೊಟ್ಟರೆ ತಮ್ಮ ಅಪರಾಧವನ್ನು ತಾವೇ ಒಪ್ಪಿದಂತಾಗುತ್ತಿತ್ತು. ಮಳಿಗೆ ಮತ್ತು ದಾಸ್ತಾನು ಎರಡನ್ನೂ ಬಿಟ್ಟು ಅವರು ಊರಿಗೆ ಮರಳಿದರು.

ವಿಪರ್ಯಾಸವೆಂದರೆ, ನಮ್ಮ ಸಣ್ಣ ಕೈಗಾರಿಕೋದ್ಯಮಿಗಳಲ್ಲಿ ಅನೇಕರಿಗೆ ಈ ಅಡ್ಡದಾರಿ ಬೇಕಾಗಿಯೇ ಇಲ್ಲ. ತನ್ನ ಸ್ವಂತ ಸರಕನ್ನು ತಯಾರಿಸಿ ಮಾರುವುದು ಸಾಮಾನ್ಯವಾಗಿ ನಿರ್ಬಂಧಿತ ಪಟ್ಟಿಯಲ್ಲಿಲ್ಲ. ರಫ್ತು ವ್ಯಾಪಾರವೂ ಹಾಗೆಯೇ. ಪರರಿಗಾಗಿ ಮಾಡುವ ಜಾಬ್ ವರ್ಕ್ ಮಾತ್ರ ಸೇವೆಯ ವರ್ಗಕ್ಕೆ ಸೇರಿ ಅನುಮತಿ ಬೇಡುತ್ತದೆ. ಚಿಲ್ಲರೆ ವ್ಯಾಪಾರಕ್ಕೆ ಒಟ್ಟು 10 ಕೋಟಿ ಬಾತ್, ಸಗಟು ವ್ಯಾಪಾರಕ್ಕೆ ಮಳಿಗೆಯೊಂದಕ್ಕೆ 10 ಕೋಟಿ ಬಾತ್ ಬಂಡವಾಳವಿಲ್ಲದಿದ್ದರೆ ನಿರ್ಬಂಧ ಅನ್ವಯಿಸುತ್ತದೆ. ಹೂಡಿಕೆ ಮಂಡಳಿಯ ಪ್ರೋತ್ಸಾಹ ಪಡೆದ ಯೋಜನೆಗಳಲ್ಲಿ ಪೂರ್ಣ ವಿದೇಶಿ ಮಾಲೀಕತ್ವಕ್ಕೂ ಅವಕಾಶವಿದೆ. ನೇರ ಮಾರ್ಗ ತೆರೆದಿರುವಾಗ ಬೇಲಿ ಹಾರುವ ಅಗತ್ಯವೇನು ಎಂಬುದನ್ನು ನಮ್ಮವರು ಯೋಚಿಸಬೇಕು.

ಕೆಲಸಗಾರರು ಮತ್ತು ತೆರಿಗೆ

ವಿದೇಶಿಯೊಬ್ಬರಿಗೆ ಕೆಲಸದ ಪರವಾನಗಿ ದೊರೆಯಲು ಸಾಮಾನ್ಯ ಕಂಪನಿಗೆ 20 ಲಕ್ಷ ಬಾತ್ ಪಾವತಿಯಾದ ಬಂಡವಾಳವಿರಬೇಕು. ಅವರ ವೀಸಾ ವಿಸ್ತರಣೆಗೆ ನಾಲ್ವರು ಥಾಯ್ ನೌಕರರಿರಬೇಕು. ಅಂಗಡಿಯಲ್ಲಿ ನಿಂತು ಮಾರುವುದು, ಕ್ಷೌರ, ಪ್ರವಾಸಿ ಮಾರ್ಗದರ್ಶನ ಮೊದಲಾದ ಕಸುಬುಗಳು ಥಾಯ್ ಪ್ರಜೆಗಳಿಗೆ ಮೀಸಲಾಗಿವೆ. ಊರಿನಿಂದ ತಮ್ಮನನ್ನೋ ಅಳಿಯನನ್ನೋ ಕರೆಸಿ ಗಲ್ಲೆಯಲ್ಲಿ ಕೂರಿಸುವ ನಮ್ಮ ಪದ್ಧತಿ ಅಲ್ಲಿ ನಡೆಯದು.

ಥಾಯ್ ನೌಕರರಿಗೆ ಕಾರ್ಮಿಕ ಕಾನೂನಿನ ರಕ್ಷಣೆ ಸಾಕಷ್ಟಿದೆ. ವರ್ಷಕ್ಕೆ ಕನಿಷ್ಠ 13 ಹಬ್ಬದ ರಜೆಗಳು, 30 ದಿನಗಳವರೆಗೆ ವೇತನಸಹಿತ ಅನಾರೋಗ್ಯ ರಜೆ ಕಡ್ಡಾಯ. ತಪ್ಪಿಲ್ಲದೆ ಕೆಲಸದಿಂದ ತೆಗೆದರೆ ಒಂದು ವರ್ಷ ಪೂರೈಸಿದವರಿಗೆ 90 ದಿನಗಳ, ಇಪ್ಪತ್ತು ವರ್ಷ ಪೂರೈಸಿದವರಿಗೆ 400 ದಿನಗಳ ವೇತನವನ್ನು ಪರಿಹಾರವಾಗಿ ಕೊಡಬೇಕು. ಲೆಕ್ಕ ಹಾಕುವಾಗ ದಿನಗೂಲಿಯನ್ನಷ್ಟೇ ನೋಡಿದರೆ ಸಾಲದು.

ತೆರಿಗೆಯ ವಿಷಯದಲ್ಲಿ ಅಲ್ಲಿನ ವ್ಯವಸ್ಥೆ ಸರಳವೆಂದೇ ಹೇಳಬೇಕು. 1992ರಲ್ಲಿ ಜಾರಿಗೆ ಬಂದ ವ್ಯಾಟ್‌ಗೆ ಒಂದೇ ಸಾಮಾನ್ಯ ದರ; ಕಾನೂನಿನಲ್ಲಿ ಶೇಕಡ 10 ಎಂದಿದ್ದರೂ 1999ರಿಂದ ಶೇಕಡ 7ಕ್ಕೆ ಇಳಿಸಿ "ತಾತ್ಕಾಲಿಕ" ಆದೇಶವನ್ನು ಮತ್ತೆ ಮತ್ತೆ ಮುಂದುವರಿಸಲಾಗಿದೆ. ವಾರ್ಷಿಕ ವಹಿವಾಟು 18 ಲಕ್ಷ ಬಾತ್ ಮೀರಿದರೆ ನೋಂದಣಿ ಕಡ್ಡಾಯ. ನಮ್ಮ ಟಿ.ಡಿ.ಎಸ್. ಮಾದರಿಯಲ್ಲಿ ಸೇವಾ ಪಾವತಿಗೆ ಶೇಕಡ 3, ಬಾಡಿಗೆಗೆ ಶೇಕಡ 5 ಕಡಿತ ಮಾಡಬೇಕು. ಕಾಗದಪತ್ರಗಳೆಲ್ಲ ಥಾಯ್ ಭಾಷೆಯಲ್ಲಿ. ದಿನಾಂಕಗಳು ಬೌದ್ಧ ಶಕೆಯಲ್ಲಿ. ನಮ್ಮ 2025 ಅವರಿಗೆ 2568. ಪ್ರತಿಯೊಂದು ಪ್ರತಿಯ ಮೇಲೂ ಸಹಿ, ಕಂಪನಿಯ ಮೊಹರು ಬೇಕು. ಗುಮಾಸ್ತೆ ನಗುನಗುತ್ತಲೇ ಸಹಿಯಿಲ್ಲದ ಹಾಳೆಯನ್ನು ಹಿಂದಿರುಗಿಸುತ್ತಾಳೆ. ನಗು ನಿಜವಾದದ್ದು, ಹಾಳೆ ಹಿಂದಕ್ಕೆ ಬಂದದ್ದೂ ನಿಜ.

ಸರ್ಕಾರ ಬದಲಾದರೂ ಕಚೇರಿ ಬದಲಾಗದು

1932ರಲ್ಲಿ ನಿರಂಕುಶ ರಾಜಪ್ರಭುತ್ವ ಕೊನೆಗೊಂಡ ಮೇಲೆ ಥಾಯ್ಲೆಂಡ್ ಹತ್ತಕ್ಕೂ ಹೆಚ್ಚು ಸೇನಾ ಕ್ರಾಂತಿಗಳನ್ನು ಕಂಡಿದೆ. ಅವುಗಳಲ್ಲಿ ಎರಡು 2006 ಮತ್ತು 2014ರಲ್ಲಿ ನಡೆದವು. 2017ರ ಸಂವಿಧಾನ ಆ ದೇಶದ ಇಪ್ಪತ್ತನೆಯದು. 2008ರಲ್ಲಿ ಪ್ರಧಾನಿ ಸಮಕ್ ಸುಂದರವೇಜ್ ಅವರು ದೂರದರ್ಶನದ ಅಡುಗೆ ಕಾರ್ಯಕ್ರಮಕ್ಕೆ ಸಂಭಾವನೆ ಪಡೆದ ಕಾರಣಕ್ಕೆ ಸಾಂವಿಧಾನಿಕ ನ್ಯಾಯಾಲಯದ ತೀರ್ಪಿನಿಂದ ಅಧಿಕಾರ ಕಳೆದುಕೊಂಡರು. 2024 ಮತ್ತು 2025ರ ಆಗಸ್ಟ್ ತಿಂಗಳುಗಳಲ್ಲಿ ಮತ್ತಿಬ್ಬರು ಪ್ರಧಾನಿಗಳು ಅದೇ ನ್ಯಾಯಾಲಯದ ಆದೇಶದಿಂದ ಪದವಿ ತ್ಯಜಿಸಬೇಕಾಯಿತು.

ಇಷ್ಟಾದರೂ ಮರುದಿನ ಬೆಳಿಗ್ಗೆ ತೆರಿಗೆ ಕಚೇರಿ ತೆರೆದಿರುತ್ತದೆ, ವ್ಯಾಟ್ ವಿವರಣೆಯ ಗಡುವು ಬದಲಾಗಿರುವುದಿಲ್ಲ. ಆಡಳಿತದ ಈ ನಿರಂತರತೆಯೇ ವ್ಯಾಪಾರಿಗಳಿಗೆ ಆಸರೆ. ಆದರೆ ಅದೂ ಅಭೇದ್ಯವಲ್ಲ. 2008ರ ನವೆಂಬರ್ ಕೊನೆಯಲ್ಲಿ ಪ್ರತಿಭಟನಕಾರರು ಸುವರ್ಣಭೂಮಿ ವಿಮಾನ ನಿಲ್ದಾಣವನ್ನು ಆಕ್ರಮಿಸಿ ಸುಮಾರು ಒಂದು ವಾರ ಸಂಚಾರ ನಿಂತುಹೋಗಿತ್ತು. 2017ರಲ್ಲಿ ವಿದೇಶಿ ಕಾರ್ಮಿಕರ ಕುರಿತು ಭಾರಿ ದಂಡಗಳ ಸುಗ್ರೀವಾಜ್ಞೆ ಹೊರಬಿದ್ದಾಗ ಸಾವಿರಾರು ಬರ್ಮೀ ಮತ್ತು ಕಾಂಬೋಡಿಯನ್ ಕೆಲಸಗಾರರು ಗಡಿ ದಾಟಿ ಹೊರಟುಹೋದರು. ಕೆಲವೇ ದಿನಗಳಲ್ಲಿ ಸರ್ಕಾರ ಮುಖ್ಯ ದಂಡಗಳನ್ನು ತಡೆಹಿಡಿದು, ಮರುವರ್ಷ ತಿದ್ದುಪಡಿ ಮಾಡಿತು.

ಲಂಚದ ಪ್ರಶ್ನೆಯನ್ನು ಮರೆಮಾಚುವಂತಿಲ್ಲ. ನಮ್ಮಲ್ಲಿ "ಕಾಫಿ-ತಿಂಡಿಗೆ" ಎನ್ನುವಂತೆ ಅಲ್ಲಿ "ಬಿಸಿನೀರು-ಚಹಾದ ಖರ್ಚು" ಎಂಬ ಮಾತಿದೆ. 2015ರ ಪರವಾನಗಿ ಸೌಲಭ್ಯ ಕಾಯಿದೆ, ಪ್ರತಿ ಅನುಮತಿಗೂ ಬೇಕಾದ ದಾಖಲೆ, ಶುಲ್ಕ ಮತ್ತು ಕಾಲಮಿತಿಯನ್ನು ಕಚೇರಿಗಳು ಪ್ರಕಟಿಸಬೇಕೆಂದು ವಿಧಿಸಿದೆ. 2018ರ ಭ್ರಷ್ಟಾಚಾರ ನಿಗ್ರಹ ಕಾನೂನಿನಂತೆ, ಏಜೆಂಟರು ಕಂಪನಿಯ ಹಿತಕ್ಕಾಗಿ ಕೊಟ್ಟ ಲಂಚಕ್ಕೂ ತಕ್ಕ ಮುನ್ನೆಚ್ಚರಿಕೆಯ ವ್ಯವಸ್ಥೆಯಿಲ್ಲದ ಕಂಪನಿಯೇ ಹೊಣೆ. "ಅದು ಏಜೆಂಟರ ವಿಷಯ" ಎಂದು ಕೈತೊಳೆದುಕೊಳ್ಳುವಂತಿಲ್ಲ.

ಮಾತಿನ ಎಚ್ಚರವೂ ಅಗತ್ಯ. ರಾಜಮನೆತನದ ನಿಂದನೆಗೆ ದಂಡಸಂಹಿತೆಯ 112ನೆಯ ಸೆಕ್ಷನ್ ಪ್ರಕಾರ ಪ್ರತಿ ಆರೋಪಕ್ಕೆ 3ರಿಂದ 15 ವರ್ಷ ಸೆರೆವಾಸವಿದೆ. ಸಾಮಾನ್ಯ ಮಾನನಷ್ಟವೂ ಅಲ್ಲಿ ಕ್ರಿಮಿನಲ್ ಅಪರಾಧ. 2020ರಲ್ಲಿ ಹೋಟೆಲೊಂದರ ಬಗ್ಗೆ ಅಂತರಜಾಲದಲ್ಲಿ ಕಟುವಾಗಿ ಬರೆದ ಅಮೆರಿಕನ್ ಪ್ರಜೆಯೊಬ್ಬರು ಬಂಧನಕ್ಕೊಳಗಾಗಿ, ಕ್ಷಮೆ ಕೇಳಿ ರಾಜಿಯಾಗಬೇಕಾಯಿತು. ಹಣ ಬಾಕಿ ಉಳಿಸಿಕೊಂಡ ಗ್ರಾಹಕರ ಹೆಸರನ್ನು ಹತ್ತು ಜನರ ಮುಂದೆ ಬಹಿರಂಗಪಡಿಸುವ ಮುನ್ನ ವಕೀಲರ ಸಲಹೆ ಪಡೆಯುವುದು ಲೇಸು.

ಕೊನೆಯ ಮಾತು

ಇಷ್ಟನ್ನು ಓದಿದವರು ಥಾಯ್ಲೆಂಡ್ ಕಷ್ಟದ ದೇಶವೆಂದು ಭಾವಿಸಬಾರದು. ಅಲ್ಲಿ ವ್ಯಾಪಾರ ಮಾಡಿ ತಲೆಮಾರುಗಳಿಂದ ನೆಲೆನಿಂತ ಭಾರತೀಯರಿದ್ದಾರೆ. ಬ್ಯಾಂಕಾಕ್‌ನ ಫಹುರತ್ ಬಟ್ಟೆ ಪೇಟೆಯೇ ಅದಕ್ಕೆ ಸಾಕ್ಷಿ. ನಾನು ಕಂಡಂತೆ ನೆಲೆನಿಂತವರು ಎರಡು ಕೆಲಸಗಳನ್ನು ತಪ್ಪದೆ ಮಾಡಿದ್ದಾರೆ. ಜನರೊಡನೆ ದಾಕ್ಷಿಣ್ಯದಿಂದ ನಡೆದುಕೊಂಡಿದ್ದಾರೆ. ಸರ್ಕಾರದೊಡನೆ ದಾಖಲೆಯಿಂದ ನಡೆದುಕೊಂಡಿದ್ದಾರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದವರು ಉಳಿದಿಲ್ಲ.

ಆದುದರಿಂದ ಅಲ್ಲಿಗೆ ಹೊರಡುವ ನಮ್ಮ ಸದಸ್ಯರು ಮೊದಲು ತಮ್ಮ ವ್ಯವಹಾರ ಯಾವ ಪಟ್ಟಿಗೆ ಸೇರುತ್ತದೆಂದು ಖಚಿತಪಡಿಸಿಕೊಳ್ಳಲಿ. ಮಧ್ಯವರ್ತಿ ಹೇಳುವ ಪ್ರತಿ ಮಾತನ್ನೂ ಸ್ವತಂತ್ರ ವಕೀಲರು ಮತ್ತು ಲೆಕ್ಕಪರಿಶೋಧಕರಿಂದ ಪರೀಕ್ಷಿಸಲಿ. ತಾವು ಸಹಿ ಮಾಡುವ ಥಾಯ್ ದಾಖಲೆಯ ಪ್ರತಿ ಪುಟದ ಅನುವಾದವನ್ನು ತಮ್ಮ ಬಳಿ ಇಟ್ಟುಕೊಳ್ಳಲಿ. ವೀಸಾ ಮತ್ತು ಪರವಾನಗಿಯ ನಿಯಮಗಳು ಆಗಾಗ್ಗೆ ಬದಲಾಗುವುದರಿಂದ ಪ್ರಯಾಣಕ್ಕೆ ಮೊದಲು ರಾಯಭಾರ ಕಚೇರಿಯಲ್ಲಿ ವಿಚಾರಿಸಲಿ. ಇವುಗಳಿಗೆ ತಗಲುವ ಖರ್ಚು ಅಲ್ಪ. ಬಂಡವಾಳ ಹೂಡುವ ಮೊದಲೇ ಅದನ್ನು ಮಾಡುವುದು ವಿವೇಕ.